ತಪ್ಪು ಉತ್ತರದ ಹಿಂದೆ

ಮಗು ತಪ್ಪು ಉತ್ತರ ಹೇಳಿದರೆ ಮನೆಯಲ್ಲಿ ನಾವು ನಗುತ್ತೇವೆ. ಶಾಲೆಯಲ್ಲಾದರೆ ಮೇಷ್ಟರು ಕೆಂಪು ಮಸಿಯಲ್ಲಿ ಗೀಟು ಎಳೆಯುತ್ತಾರೆ. ಎರಡು ಕಡೆಯೂ ಆ ಉತ್ತರದ ಆಯುಸ್ಸು ಅಲ್ಲಿಗೆ ಮುಗಿಯಿತು. ಅದು ಎಲ್ಲಿಂದ ಬಂತು, ಹಾಗೇಕೆ ಬಂತು ಎಂದು ವಿಚಾರಿಸುವ ಪುರಸೊತ್ತು ಯಾರಿಗೂ ಇರುವುದಿಲ್ಲ. ಎರಡು ಮೂರು ಸಾರಿ ಹೀಗಾದ ಮೇಲೆ ‘ಹುಡುಗ ಸ್ವಲ್ಪ ಮಂದ’ ಎಂಬ ಮಾತು ಹುಟ್ಟುತ್ತದೆ. ಒಮ್ಮೆ ಹುಟ್ಟಿದ ಆ ಮಾತು ಮಗುವಿಗೆ ಇಟ್ಟ ಹೆಸರಿಗಿಂತ ಗಟ್ಟಿಯಾಗಿ ಅಂಟಿಕೊಳ್ಳುವುದೂ ಉಂಟು. ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ಕುರಿತು ಮನಶ್ಶಾಸ್ತ್ರದಲ್ಲಿ ನೂರು ವರ್ಷಗಳಿಂದ ನಡೆದುಬಂದಿರುವ ದೊಡ್ಡ ಚರ್ಚೆಯೊಂದು ಇಂಥ ತಪ್ಪು ಉತ್ತರಗಳಿಂದಲೇ ಆರಂಭವಾಯಿತೆಂಬುದು ಸ್ವಾರಸ್ಯದ ಸಂಗತಿ.

ಫ್ರಾನ್ಸಿನಲ್ಲಿ 1905ರಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ ಎಂಬಿಬ್ಬರು ಮಕ್ಕಳ ಬುದ್ಧಿಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿದರು. ಪಾಠದಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ಬಗೆಯ ನೆರವು ಕೊಡಬೇಕೆಂಬುದು ಅದರ ಉದ್ದೇಶವಾಗಿತ್ತು. ಬಿನೆ 1911ರಲ್ಲಿ ತೀರಿಕೊಂಡರು. ಅದಾದ ಕೆಲವು ವರ್ಷಗಳ ಮೇಲೆ, 1919ರಲ್ಲಿ, ಸ್ವಿಟ್ಸರ್ಲೆಂಡಿನಿಂದ ಪ್ಯಾರಿಸ್ಸಿಗೆ ಬಂದಿದ್ದ ತರುಣನೊಬ್ಬನಿಗೆ ಸಿಮೋನ್ ಒಂದು ಬೇಸರದ ಕೆಲಸವನ್ನು ವಹಿಸಿದರು. ಇಂಗ್ಲೆಂಡಿನ ಸಿರಿಲ್ ಬರ್ಟ್ ರಚಿಸಿದ್ದ ತರ್ಕದ ಪ್ರಶ್ನೆಗಳನ್ನು ಪ್ಯಾರಿಸ್ಸಿನ ಶಾಲಾಮಕ್ಕಳಿಗೆ ಕೇಳುವುದು, ಯಾವ ವಯಸ್ಸಿನವರು ಎಷ್ಟು ಸರಿ ಹೇಳುತ್ತಾರೆಂದು ಲೆಕ್ಕ ಹಾಕುವುದು — ಇಷ್ಟೇ ಆ ಕೆಲಸ.

ಆ ತರುಣನೇ ಜೀನ್ ಪಿಯಾಜೆ. ಅವರು ಕಲಿತದ್ದು ಪ್ರಾಣಿಶಾಸ್ತ್ರ. ಡಾಕ್ಟರೇಟ್ ಪದವಿ ಪಡೆದದ್ದು ಬಸವನಹುಳುವಿನ ಬಳಗಕ್ಕೆ ಸೇರಿದ ಮೃದ್ವಂಗಿಗಳ ಮೇಲೆ ಪ್ರಬಂಧ ಬರೆದು. ಹತ್ತು ಹನ್ನೊಂದರ ಹುಡುಗನಾಗಿದ್ದಾಗಲೇ ತಾನು ಕಂಡ ಬಿಳಿಯ ಗುಬ್ಬಚ್ಚಿಯೊಂದರ ವಿಷಯವಾಗಿ ಪುಟ್ಟ ಟಿಪ್ಪಣಿಯನ್ನು ಅಚ್ಚು ಹಾಕಿಸಿದ್ದ ಆಸಾಮಿ! ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟುಕೊಳ್ಳುವ ಈ ಅಭ್ಯಾಸ ಮುಂದೆ ಉಪಯೋಗಕ್ಕೆ ಬಂತು. ಅವರು ಎಣಿಸಬೇಕಾಗಿದ್ದುದು ಸರಿಯುತ್ತರಗಳನ್ನು. ಕಣ್ಣು ಹೊರಳಿದ್ದು ಮಾತ್ರ ತಪ್ಪು ಉತ್ತರಗಳ ಕಡೆಗೆ. ಒಂದೇ ವಯಸ್ಸಿನ ಮಕ್ಕಳು, ಒಬ್ಬರ ಉತ್ತರ ಇನ್ನೊಬ್ಬರಿಗೆ ತಿಳಿಯದಿದ್ದರೂ, ಒಂದೇ ಬಗೆಯಾಗಿ ತಪ್ಪುತ್ತಿದ್ದರು. ಬರಿಯ ಅಜಾಗರೂಕತೆಯ ತಪ್ಪಾಗಿದ್ದರೆ ಹತ್ತು ಮಕ್ಕಳು ಹತ್ತು ದಾರಿ ಹಿಡಿಯಬೇಕಾಗಿತ್ತು. ಎಲ್ಲರೂ ಒಂದೇ ಕಡೆ ಎಡವುತ್ತಾರೆಂದರೆ ಆ ವಯಸ್ಸಿನ ಮನಸ್ಸಿಗೆ ತನ್ನದೇ ಆದೊಂದು ತರ್ಕವಿರಬೇಕು ಎಂದು ಪಿಯಾಜೆ ಬಗೆದರು. ಮಗುವೆಂದರೆ ಕಡಿಮೆ ತಿಳಿದ ದೊಡ್ಡವನಲ್ಲ. ಬೇರೆ ರೀತಿಯಲ್ಲಿ ಯೋಚಿಸುವವನು.

1921ರಲ್ಲಿ ಅವರು ಜಿನೀವಾದ ರೂಸೋ ಸಂಸ್ಥೆಗೆ ಹೋದರು. ಅಲ್ಲಿಂದ 1980ರಲ್ಲಿ ಕೊನೆಯುಸಿರೆಳೆಯುವವರೆಗೆ ಮಾಡಿದ್ದೆಲ್ಲ ಹೆಚ್ಚುಕಡಿಮೆ ಇದೇ ಕೆಲಸ: ಮಗುವಿನ ಮುಂದೆ ಒಂದು ಸಮಸ್ಯೆಯಿಡುವುದು, ಅದು ಹೇಳಿದ್ದನ್ನು ತಿದ್ದದೆ ‘ಅದು ಹೇಗೆ?’ ಎಂದು ಮುಂದಕ್ಕೆ ಕೇಳುತ್ತ ಹೋಗುವುದು.

ಅವರ ಪರೀಕ್ಷೆಗಳಲ್ಲಿ ಲೋಕಪ್ರಸಿದ್ಧವಾದದ್ದು ನೀರಿನದು. ಒಂದೇ ಅಳತೆಯ ಎರಡು ಗಾಜಿನ ಲೋಟಗಳಲ್ಲಿ ಸಮನಾಗಿ ನೀರು ತುಂಬಿ, ‘ಎರಡರಲ್ಲೂ ಅಷ್ಟಷ್ಟೇ ಇದೆಯೋ?’ ಎಂದು ಕೇಳಬೇಕು. ಮಗು ಹೌದೆನ್ನುತ್ತದೆ. ಅದರ ಕಣ್ಣೆದುರಿಗೇ ಒಂದು ಲೋಟದ ನೀರನ್ನು ಸಪೂರವಾದ ಎತ್ತರದ ಪಾತ್ರೆಗೆ ಸುರಿದು ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಕು. ನಾಲ್ಕೈದು ವರ್ಷದ ಮಗು ಎತ್ತರದ ಪಾತ್ರೆಯನ್ನು ತೋರಿಸಿ, ‘ಇದರಲ್ಲಿ ಜಾಸ್ತಿ’ ಎನ್ನುತ್ತದೆ. ಏಳೆಂಟು ವರ್ಷದ ಮಗು, ‘ಅದೇ ನೀರಲ್ಲವೆ? ಎತ್ತರ ಹೆಚ್ಚಿದೆ, ಆದರೆ ಅಗಲ ಕಡಿಮೆ’ ಎನ್ನುತ್ತದೆ. ಇದೇ ಪರೀಕ್ಷೆಯನ್ನು ಎರಡು ಸಾಲು ಬಿಲ್ಲೆಗಳಿಂದಲೂ ಮಾಡಬಹುದು. ಒಂದು ಸಾಲನ್ನು ಸ್ವಲ್ಪ ಹರಡಿದರೆ ಸಾಕು, ಚಿಕ್ಕ ಮಗುವಿಗೆ ಅಲ್ಲಿ ಬಿಲ್ಲೆಗಳು ಹೆಚ್ಚಾದಂತೆ ತೋರುತ್ತದೆ. ಆಕಾರ ಮಾರ್ಪಟ್ಟರೂ ಪ್ರಮಾಣ ಮಾರ್ಪಡುವುದಿಲ್ಲವೆಂಬ ಅರಿವು ಹುಟ್ಟಿನೊಡನೆ ಬರತಕ್ಕದ್ದಲ್ಲ, ಮಗು ಅದನ್ನು ತಾನೇ ಕಟ್ಟಿಕೊಳ್ಳಬೇಕು ಎಂಬುದು ಪಿಯಾಜೆಯ ವಾದ.

ಇಂಥ ಪರೀಕ್ಷೆಗಳ ಆಧಾರದ ಮೇಲೆ ಅವರು ಬುದ್ಧಿಯ ಬೆಳವಣಿಗೆಯನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದರು. ಎರಡು ವರ್ಷದವರೆಗೆ ಕೈ, ಕಣ್ಣು, ಬಾಯಿಗಳಿಂದಲೇ ಲೋಕವನ್ನು ಅರಿಯುವ ಕಾಲ. ಏಳರವರೆಗೆ ಮಾತು, ಕಲ್ಪನೆಗಳು ಬಂದಿದ್ದರೂ ತರ್ಕ ನಿಲ್ಲದ ಕಾಲ. ಹನ್ನೊಂದರವರೆಗೆ ಕಣ್ಣೆದುರಿನ ವಸ್ತುಗಳ ವಿಷಯದಲ್ಲಿ ತರ್ಕ ನಡೆಯುವ ಕಾಲ. ಆಮೇಲೆ ಕಾಣದ್ದನ್ನೂ ‘ಹೀಗಿದ್ದರೆ’ ಎಂದು ಊಹಿಸಿ ಯೋಚಿಸಬಲ್ಲ ಕಾಲ. ಮೊದಲ ಮೆಟ್ಟಿಲಿಗೆ ಬೇಕಾದ ಸಾಮಗ್ರಿಯನ್ನು ಅವರು ಬಹುಮಟ್ಟಿಗೆ ತಮ್ಮ ಮೂವರು ಮಕ್ಕಳ ತೊಟ್ಟಿಲ ಪಕ್ಕದಲ್ಲೇ ಕುಳಿತು ಸಂಗ್ರಹಿಸಿದರು. ಮೂರು ಮಕ್ಕಳಿಂದ ಲೋಕಕ್ಕೆಲ್ಲ ಸೂತ್ರ ಕಟ್ಟಬಹುದೇ ಎಂದು ಕೇಳಿದವರಿದ್ದಾರೆ, ಕೇಳತಕ್ಕ ಪ್ರಶ್ನೆಯೇ. ಆದರೆ ಹೀಗೆ ದಿನದಿನವೂ ಕೂಸನ್ನು ನೋಡಿ ಬರೆದಿಟ್ಟ ತಂದೆತಾಯಿಗಳು ಎಷ್ಟು ಮಂದಿ?

ಅಮೆರಿಕಕ್ಕೆ ಹೋದಾಗಲೆಲ್ಲ ಸಭಿಕರು ಅವರನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ: ಮಕ್ಕಳನ್ನು ಈ ಮೆಟ್ಟಿಲುಗಳ ಮೇಲೆ ಬೇಗ ಬೇಗ ಹತ್ತಿಸುವುದು ಹೇಗೆ? ಪಿಯಾಜೆ ಇದಕ್ಕೆ ‘ಅಮೆರಿಕದ ಪ್ರಶ್ನೆ’ ಎಂದೇ ಹೆಸರಿಟ್ಟಿದ್ದರು. ಮೂರು ವರ್ಷದ ಮಗುವಿಗೆ ಇಂಗ್ಲಿಷ್ ಕಾಪಿ ಬರೆಸುವ ನಮ್ಮ ಪಟ್ಟಣಗಳಿಗೂ ಈ ಹೆಸರನ್ನು ಧಾರಾಳವಾಗಿ ಹಂಚಬಹುದು.

ಪಿಯಾಜೆ ಹುಟ್ಟಿದ 1896ರಲ್ಲೇ ರಷ್ಯ ಸಾಮ್ರಾಜ್ಯದಲ್ಲಿ ಹುಟ್ಟಿದವರು ಲೆವ್ ವೈಗೋಟ್ಸ್ಕಿ. ಕ್ಷಯರೋಗದಿಂದ 1934ರಲ್ಲಿ, ಮೂವತ್ತೇಳನೆಯ ವಯಸ್ಸಿಗೆ ತೀರಿಕೊಂಡ ಈ ಪಂಡಿತ ಪಿಯಾಜೆಯ ಮೊದಲ ಪುಸ್ತಕಗಳನ್ನು ಆದರದಿಂದ ಓದಿ, ಆದರದಿಂದಲೇ ವಿರೋಧಿಸಿದರು. ಜಗಳ ಹತ್ತಿದ್ದು ಬಲು ಸಣ್ಣ ವಿಷಯಕ್ಕೆ. ಮಕ್ಕಳು ಆಡುತ್ತ ಆಡುತ್ತ ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುವುದನ್ನು ಎಲ್ಲರೂ ಕಂಡಿದ್ದೇವೆ. ಇನ್ನೊಬ್ಬರ ದೃಷ್ಟಿಯಿಂದ ನೋಡಲು ಬಾರದ ಮಗುವಿನ ಸ್ವಕೇಂದ್ರಿತ ಮಾತು ಅದು, ದೊಡ್ಡದಾದಂತೆ ತಾನಾಗಿ ಉದುರಿಹೋಗುತ್ತದೆ ಎಂದು ಪಿಯಾಜೆ ಬರೆದಿದ್ದರು. ವೈಗೋಟ್ಸ್ಕಿ ಒಪ್ಪಲಿಲ್ಲ. ಅವರು ಮಗುವಿನ ಕೆಲಸದಲ್ಲಿ ಬೇಕೆಂದೇ ತೊಡಕುಗಳನ್ನು ಹುಟ್ಟಿಸಿ ನೋಡಿದರು — ಚಿತ್ರ ಬರೆಯಲು ಕುಳಿತಾಗ ಬೇಕಾದ ಬಣ್ಣದ ಪೆನ್ಸಿಲ್ ಸಿಕ್ಕದಂತೆ ಮಾಡುವುದು, ಇತ್ಯಾದಿ. ತೊಡಕು ಬಂದ ಕೂಡಲೆ ಸ್ವಗತ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಐದೂವರೆ ವರ್ಷದ ಮಗುವೊಂದು ಟ್ರಾಮ್ ಗಾಡಿಯ ಚಿತ್ರ ಬರೆಯುತ್ತಿದ್ದಾಗ ಪೆನ್ಸಿಲಿನ ಮೊನೆ ಮುರಿಯಿತು. ಮುರಿದುಹೋಯಿತು ಎಂದು ಅದು ತನ್ನಲ್ಲೇ ಗೊಣಗಿಕೊಂಡು, ಪೆನ್ಸಿಲ್ ಬದಿಗಿಟ್ಟು, ಬಣ್ಣ ತೆಗೆದುಕೊಂಡು ಅಪಘಾತದಲ್ಲಿ ಮುರಿದ ಟ್ರಾಮ್ ಗಾಡಿಯನ್ನು ಬರೆಯಿತು! ತನಗೆ ತಾನೇ ಆಡಿಕೊಂಡ ಒಂದು ಮಾತು ಚಿತ್ರದ ದಾರಿಯನ್ನೇ ತಿರುಗಿಸಿತು. ಅದು ವ್ಯರ್ಥಾಲಾಪವಲ್ಲ, ಮಗು ಗಟ್ಟಿಯಾಗಿ ಯೋಚಿಸುವ ರೀತಿ; ಮುಂದೆ ಅದು ಉದುರಿಹೋಗುವುದಿಲ್ಲ, ಒಳಕ್ಕಿಳಿದು ಮೌನದ ಯೋಚನೆಯಾಗುತ್ತದೆ ಎಂಬುದು ವೈಗೋಟ್ಸ್ಕಿಯ ತೀರ್ಮಾನ. ಆ ಪುಸ್ತಕ ಇಂಗ್ಲಿಷಿಗೆ ಬಂದದ್ದು 1962ರಲ್ಲಿ. ಸತ್ತು ಇಪ್ಪತ್ತೆಂಟು ವರ್ಷವಾದ ಟೀಕಾಕಾರನಿಗೆ ಪಿಯಾಜೆ ಆಗ ಉತ್ತರ ಬರೆದರು. ಈ ಮಾತಿನ ವಿಷಯದಲ್ಲಿ ಬಹುಪಾಲು ಒಪ್ಪಿಕೊಂಡರು.

ವೈಗೋಟ್ಸ್ಕಿ ಎತ್ತಿದ ಇನ್ನೊಂದು ಮಾತು ಪರೀಕ್ಷೆಗಳ ಬುಡಕ್ಕೇ ತಾಗುತ್ತದೆ. ಇಬ್ಬರು ಮಕ್ಕಳು ಬುದ್ಧಿಪರೀಕ್ಷೆಯಲ್ಲಿ ಎಂಟು ವರ್ಷದ ಮಟ್ಟದಲ್ಲಿದ್ದಾರೆಂದು ಇಟ್ಟುಕೊಳ್ಳಿ. ಈಗ ಒಂದಿಷ್ಟು ಸುಳಿವು ಕೊಟ್ಟು, ಮೊದಲ ಹೆಜ್ಜೆ ತೋರಿಸಿ, ಇನ್ನೂ ಕಷ್ಟದ ಲೆಕ್ಕ ಕೊಟ್ಟರೆ ಒಬ್ಬ ಒಂಬತ್ತು ವರ್ಷದವರ ಲೆಕ್ಕದವರೆಗೆ ಹೋಗುತ್ತಾನೆ, ಇನ್ನೊಬ್ಬ ಹನ್ನೆರಡರವರೆಗೆ. ಇವರಿಬ್ಬರೂ ಸಮಾನರೇ? ಮಗು ಒಬ್ಬಂಟಿಯಾಗಿ ಮಾಡಿದ್ದನ್ನಷ್ಟೇ ಅಳೆದರೆ ನಿನ್ನೆ ಬೆಳೆದು ನಿಂತದ್ದನ್ನು ಅಳೆದ ಹಾಗಾಯಿತು. ಜೊತೆಗಿದ್ದವರ ಕೈಹಿಡಿದು ಮಾಡುವುದರಲ್ಲಿ ನಾಳೆ ಬೆಳೆಯತಕ್ಕದ್ದು ಕಾಣುತ್ತದೆ. ಪಿಯಾಜೆಯ ಮಗು ತನ್ನ ಕೈಯಿಂದಲೇ ಲೋಕವನ್ನು ತಡಕಾಡಿ ಕಲಿಯುವ ಪುಟ್ಟ ವಿಜ್ಞಾನಿ. ವೈಗೋಟ್ಸ್ಕಿಯ ಮಗು ಅಜ್ಜಿಯ, ಅಕ್ಕನ, ಗುರುವಿನ ಮಗ್ಗುಲಲ್ಲಿ ಕುಳಿತು ಕಲಿಯುವ ಶಿಷ್ಯ.

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1970ರ ದಶಕದಲ್ಲಿ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಅವರ ಸಂಗಡಿಗರು ಹಿಡಿದ ದಾರಿಯೇ ಬೇರೆ. ಅವರು ಮಗುವಿನ ಉತ್ತರವನ್ನು ಬಿಟ್ಟು ದೊಡ್ಡವರ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿದರು. ಸ್ವಲ್ಪ ಮಗುವಿನ ಜಾಗದಲ್ಲಿ ನಿಂತು ನೋಡಿ. ಗೌರವಸ್ಥರಾದ ಹಿರಿಯರೊಬ್ಬರು ‘ಎರಡು ಸಾಲೂ ಸಮವೇ?’ ಎಂದು ಕೇಳುತ್ತಾರೆ, ನೀವು ಹೌದೆನ್ನುತ್ತೀರಿ. ಅವರು ಬಹಳ ಗಂಭೀರವಾಗಿ ಒಂದು ಸಾಲನ್ನು ಹರಡಿ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ. ಮೊದಲ ಉತ್ತರ ಸರಿಯಿದ್ದರೆ ಮತ್ತೆ ಕೇಳುವುದೇಕೆ? ಅವರು ಬೇಕೆಂದೇ ಏನೋ ಮಾಡಿದ್ದಾರೆ, ಅದನ್ನು ಕುರಿತೇ ಕೇಳುತ್ತಿರಬೇಕು. ಮಗು ಹೀಗೆ ಲೆಕ್ಕ ಹಾಕಿ ಉತ್ತರ ಬದಲಿಸಿದರೆ ಅದು ಬುದ್ಧಿಯ ಕೊರತೆಯೋ, ಎದುರಿನವರ ಇಂಗಿತವನ್ನು ಅರಿಯುವ ಜಾಣತನವೋ?

1974ರಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಎಂಬವರು ಡೊನಾಲ್ಡ್‌ಸನ್ ಜೊತೆಗೂಡಿ ಈ ಸಂದೇಹವನ್ನು ಪರೀಕ್ಷಿಸಿದ ಬಗೆ ಮಕ್ಕಳಾಟದಂತೆಯೇ ಇದೆ. ಪೆಟ್ಟಿಗೆಯೊಳಗಿಂದ ಒಂದು ತುಂಟ ಕರಡಿ ಬೊಂಬೆ ಹೊರಗೆ ಬಂದು ಬಿಲ್ಲೆಗಳ ಸಾಲನ್ನು ಕೆಡಿಸಿಬಿಡುತ್ತದೆ. ‘ಅಯ್ಯೋ, ಈ ಕರಡಿ ಏನು ಮಾಡಿತು ನೋಡು!’ ಎಂದು ಅದನ್ನು ಪೆಟ್ಟಿಗೆಗೆ ಅಟ್ಟಿ, ಆಮೇಲೆ ‘ಈಗ ಎರಡು ಸಾಲೂ ಸಮವೇ?’ ಎಂದು ಕೇಳುವುದು. ಪರೀಕ್ಷೆಗೆ ಕುಳಿತವರು ನಾಲ್ಕರಿಂದ ಆರು ವರ್ಷದ ಮಕ್ಕಳು. ದೊಡ್ಡವರೇ ಸಾಲನ್ನು ಹರಡಿದಾಗ ನೂರಕ್ಕೆ ಸುಮಾರು 16 ಮಂದಿ ಸರಿ ಹೇಳಿದ್ದರೆ, ಕರಡಿ ಕೆಡಿಸಿದಾಗ 60ಕ್ಕಿಂತಲೂ ಹೆಚ್ಚು ಮಂದಿ ಸರಿ ಹೇಳಿದರು. ಅದೇ ವರ್ಷ ಸೂಸನ್ ರೋಸ್ ಮತ್ತು ಮೇರಿಯನ್ ಬ್ಲ್ಯಾಂಕ್ ಎಂಬಿಬ್ಬರು ಮೊದಲ ಪ್ರಶ್ನೆಯನ್ನು ಬಿಟ್ಟುಬಿಟ್ಟು, ಸಾಲನ್ನು ಬದಲಿಸಿದ ಮೇಲೆ ಒಂದೇ ಒಂದು ಸಾರಿ ಕೇಳಿ ನೋಡಿದರು. ಆಗಲೂ ಸರಿಯುತ್ತರಗಳು ಹೆಚ್ಚಿದವು.

ಇನ್ನೊಬ್ಬರ ದೃಷ್ಟಿಯ ಪರೀಕ್ಷೆಯೂ ಹೀಗೆಯೇ ತಿರುಗಿತು. ಪಿಯಾಜೆ ಮೂರು ಬೆಟ್ಟಗಳ ಮಾದರಿಯನ್ನಿಟ್ಟು, ಆಚೆ ಬದಿಯಲ್ಲಿ ಕುಳಿತ ಬೊಂಬೆಗೆ ಅವು ಹೇಗೆ ಕಾಣುತ್ತವೆಂದು ಕೇಳುತ್ತಿದ್ದರು. ಚಿಕ್ಕ ಮಕ್ಕಳು ತಮಗೆ ಕಂಡ ನೋಟವನ್ನೇ ತೋರಿಸುತ್ತಿದ್ದರು. ಮಾರ್ಟಿನ್ ಹ್ಯೂಸ್ 1975ರಲ್ಲಿ ಬೆಟ್ಟಗಳನ್ನು ತೆಗೆದು ಅಡ್ಡಗೋಡೆಗಳನ್ನೂ ಪೊಲೀಸ್ ಬೊಂಬೆಗಳನ್ನೂ ಇಟ್ಟು, ‘ಈ ಹುಡುಗ ಪೊಲೀಸಿಗೆ ಕಾಣದ ಹಾಗೆ ಬಚ್ಚಿಟ್ಟುಕೊಳ್ಳಬೇಕು, ಎಲ್ಲಿ ನಿಲ್ಲಿಸುತ್ತೀ?’ ಎಂದು ಕೇಳಿದರು. ಮೂರೂವರೆಯಿಂದ ಐದು ವರ್ಷದ ಮಕ್ಕಳ ಉತ್ತರಗಳಲ್ಲಿ ನೂರಕ್ಕೆ ಸುಮಾರು 90 ಸರಿಯಾಗಿದ್ದವು. ಕಣ್ಣಾಮುಚ್ಚಾಲೆ ಆಡುವ ಮಗುವಿಗೆ ಇದು ತಿಳಿಯದ ವಿದ್ಯೆಯೇ? ಬೆಟ್ಟದ ನೋಟವಾದರೋ ಯಾರಿಗೂ ಬೇಡವಾದದ್ದು.

ಹಾಗೆಂದು ಪಿಯಾಜೆ ಸೋತರು ಎನ್ನುವಂತಿಲ್ಲ. ಕ್ರಿಸ್ ಮೂರ್ ಮತ್ತು ಡಗ್ಲಸ್ ಫ್ರೈ 1986ರಲ್ಲಿ ಕರಡಿಯನ್ನೇ ವಿಚಾರಣೆಗೆ ಒಳಪಡಿಸಿದರು. ಕರಡಿ ನಿಜವಾಗಿಯೇ ಒಂದು ಬಿಲ್ಲೆಯನ್ನು ಸೇರಿಸಿದಾಗ ಅಥವಾ ತೆಗೆದಾಗಲೂ ಅನೇಕ ಮಕ್ಕಳು ‘ಸಮವೇ’ ಎಂದುಬಿಟ್ಟರು! ಕರಡಿಯ ಚೇಷ್ಟೆಯಲ್ಲಿ ಮೈಮರೆತು ಬಿಲ್ಲೆಗಳನ್ನು ನೋಡಲೇ ಇಲ್ಲವೋ ಏನೋ. ಸರಿಯುತ್ತರದ ಹಿಂದೆಯೂ ಹೀಗೆ ತಿಳಿವಳಿಕೆ ಇಲ್ಲದಿರಬಹುದು. ಹಸುಗೂಸುಗಳ ವಿಷಯದಲ್ಲೂ ಇಂಥ ವಾದವುಂಟು. ಮರೆಯಾದ ವಸ್ತು ಇದ್ದೇ ಇದೆಯೆಂಬ ಅರಿವಿಗೆ ಪಿಯಾಜೆ ಎಂಟು ತಿಂಗಳ ಗಡುವು ಹಾಕಿದ್ದರೆ, ಅಮೆರಿಕದಲ್ಲಿ ರೆನೇ ಬಾಯರ್ಜೋನ್ 1980ರ ದಶಕದಲ್ಲಿ ನಾಲ್ಕೈದು ತಿಂಗಳ ಕೂಸುಗಳಲ್ಲೇ ಅದರ ಕುರುಹು ಕಂಡೆನೆಂದರು. ಅಸಂಭವವಾದದ್ದನ್ನು ಕಂಡಾಗ ಕೂಸುಗಳು ಹೆಚ್ಚು ಹೊತ್ತು ದಿಟ್ಟಿಸುತ್ತವೆಂಬುದು ಅವರ ಆಧಾರ. ಹೆಚ್ಚು ಹೊತ್ತು ನೋಡಿದ್ದನ್ನೆಲ್ಲ ಅರಿವು ಎನ್ನಬಹುದೆ ಎಂದು ಎದುರಾಳಿಗಳು ಕೇಳುತ್ತಾರೆ. ಆ ವಾದ ಇಂದಿಗೂ ಮುಗಿದಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಯೂರೋಪು, ಅಮೆರಿಕಗಳ ಮಕ್ಕಳ ಕಥೆ. ಶಾಲೆಯ ಮೇಷ್ಟರ ಬಗೆಯ ಪ್ರಶ್ನೆ ಅವರಿಗೆ ಹೊಸದಲ್ಲ. ಅದು ಹೊಸದಾದ ಕಡೆ ಏನಾಗುತ್ತದೆ? ಪೆಟ್ರೀಷಿಯಾ ಗ್ರೀನ್‌ಫೀಲ್ಡ್ ಪಶ್ಚಿಮ ಆಫ್ರಿಕದ ಸೆನೆಗಾಲಿನಲ್ಲಿ, ವೋಲೋಫ್ ಜನರ ಮಕ್ಕಳ ನಡುವೆ ನೀರಿನ ಪರೀಕ್ಷೆಯನ್ನು ಮಾಡಿ 1966ರಲ್ಲಿ ವರದಿ ಪ್ರಕಟಿಸಿದರು. ಶಾಲೆಯನ್ನೇ ಕಾಣದ ಮಕ್ಕಳಿಗೆ ‘ಇದು ಜಾಸ್ತಿ ಎಂದು ನೀನು ಏಕೆ ಅಂದುಕೊಂಡಿದ್ದೀ?’ ಎಂದರೆ ಮೌನವೇ ಉತ್ತರ. ‘ಇದು ಏಕೆ ಜಾಸ್ತಿ?’ ಎಂದರೆ ಮಾತು ಹೊರಡುತ್ತಿತ್ತು. ತನ್ನ ಅಭಿಪ್ರಾಯ ಬೇರೆ, ವಸ್ತುವಿನ ಸ್ಥಿತಿ ಬೇರೆ ಎಂದು ವಿಂಗಡಿಸಿ ಕೇಳುವ ಪದ್ಧತಿ ಅವರಲ್ಲಿ ಇರಲಿಲ್ಲ. ಇನ್ನು ಕೆಲವರು ನೀರು ಏಕೆ ಹೆಚ್ಚಾಯಿತೆಂದರೆ, ‘ನೀವು ಸುರಿದಿರಲ್ಲ, ಅದಕ್ಕೆ’ ಎಂದರು. ಹೊರಗಿನಿಂದ ಬಂದ ವಿದ್ವಾಂಸರ ಕೈಯಲ್ಲಿ ಏನೋ ಮಾಯವಿರಬೇಕೆಂದು ಅವರ ಭಾವನೆ. ಗ್ರೀನ್‌ಫೀಲ್ಡ್ ಪಾತ್ರೆಯನ್ನು ಮಕ್ಕಳ ಕೈಗೇ ಕೊಟ್ಟು ಸುರಿಯಲು ಹೇಳಿದರು. ಮಾಯ ಕಳೆಯಿತು; ಸರಿಯುತ್ತರಗಳು ಬಹಳವಾಗಿ ಹೆಚ್ಚಿದವು.

ಮೆಕ್ಸಿಕೋದಲ್ಲಿ 1969ರ ಅಧ್ಯಯನವೊಂದು ಕುಂಬಾರರ ಮಕ್ಕಳನ್ನೂ ಬೇರೆ ಕಸುಬಿನವರ ಮಕ್ಕಳನ್ನೂ ಹೋಲಿಸಿತು. ಮಣ್ಣಿನ ಉಂಡೆಯನ್ನು ಚಪ್ಪಟೆ ಮಾಡಿದರೂ ಮಣ್ಣು ಅಷ್ಟೇ ಎಂಬುದು ಕುಂಬಾರರ ಮಕ್ಕಳಿಗೆ ಬೇಗ ತಿಳಿದಿತ್ತು. ತಿಳಿಯದೆ ಏನು, ದಿನವೆಲ್ಲ ಅದೇ ಮಣ್ಣಿನಲ್ಲಿ ಕೈಯಾಡಿಸುವವರು!

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮನಸ್ಸನ್ನು ಕಲಕಿದ್ದು ಬ್ರೆಜಿಲ್ ದೇಶದ ರೆಸೀಫೆ ಪಟ್ಟಣದ ಸಂತೆಯಲ್ಲಿ ನಡೆದ ಒಂದು ಸಣ್ಣ ಅಧ್ಯಯನ. 1985ರಲ್ಲಿ ಅದನ್ನು ಪ್ರಕಟಿಸಿದವರು ಟೆರೆಜಿನ್ಯಾ ಕರಾಹೆರ್, ಡೇವಿಡ್ ಕರಾಹೆರ್ ಮತ್ತು ಅನಲೂಸಿಯಾ ಶ್ಲೀಮಾನ್. ತಂದೆತಾಯಿಗಳ ವ್ಯಾಪಾರಕ್ಕೆ ನೆರವಾಗಿ ತೆಂಗಿನಕಾಯಿ, ನಿಂಬೆಹಣ್ಣು ಮಾರುತ್ತಿದ್ದ, ಒಂಬತ್ತರಿಂದ ಹದಿನೈದು ವರ್ಷದ ಐವರು ಮಕ್ಕಳ ಬಳಿಗೆ ಇವರು ಗಿರಾಕಿಗಳಂತೆ ಹೋದರು. 35 ಕ್ರುಜೇರೊ ಬೆಲೆಯ ಕಾಯಿ ನಾಲ್ಕಕ್ಕೆ ಎಷ್ಟಾಯಿತೆಂದು ಹನ್ನೆರಡು ವರ್ಷದವನೊಬ್ಬನನ್ನು ಕೇಳಿದರು. ಮೂರಕ್ಕೆ 105, ಅದಕ್ಕೆ 30 ಸೇರಿಸಿದರೆ 135, ಮತ್ತೆ ಐದು, 140 ಎಂದು ಅವನು ಬಾಯಲ್ಲೇ ಹೇಳಿದ. ಕೆಲವು ದಿನಗಳ ಮೇಲೆ ಅದೇ ಹುಡುಗನ ಕೈಗೆ ಕಾಗದ ಪೆನ್ಸಿಲು ಕೊಟ್ಟು 35ನ್ನು 4ರಿಂದ ಗುಣಿಸೆಂದರು. ನಾಲ್ಕೈದಲೆ ಇಪ್ಪತ್ತು, ಸೊನ್ನೆಯಿಟ್ಟು ದಶಕ ಎರಡು. ಮೂರಕ್ಕೆ ಎರಡು ಕೂಡಿ ಐದು, ನಾಲ್ಕೈದಲೆ ಇಪ್ಪತ್ತು — ಉತ್ತರ 200! ಸಂತೆಯ ಲೆಕ್ಕಗಳಲ್ಲಿ ಐವರೂ ಸೇರಿ ನೂರಕ್ಕೆ 98 ಸರಿ. ಅಂಥವೇ ಲೆಕ್ಕ ಬರಿಯ ಅಂಕಿಗಳಾಗಿ ಕಾಗದದ ಮೇಲೆ ಬಂದಾಗ ನೂರಕ್ಕೆ 37. ಆ ಕಾಗದವನ್ನಷ್ಟೇ ಕಂಡ ಉಪಾಧ್ಯಾಯರು ಹುಡುಗನಿಗೆ ಕೂಡುವುದೂ ಬಾರದೆಂದು ತೀರ್ಮಾನಿಸಿದರೆ ಆಶ್ಚರ್ಯವೇನು?

ಐದೇ ಮಕ್ಕಳ ಅಧ್ಯಯನವೆಂದು ಇದನ್ನು ತಳ್ಳಿಹಾಕುವ ಹಾಗಿಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮೊದಲಾದವರು ನಮ್ಮ ಕೋಲ್ಕತ್ತ, ದೆಹಲಿಗಳ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಬಹು ದೊಡ್ಡ ಸಂಖ್ಯೆಯಲ್ಲಿ ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಚಿತ್ರ. ಅಂಗಡಿಯ ಲೆಕ್ಕದಲ್ಲಿ ನಿಪುಣರಾದ ಮಕ್ಕಳು ಪುಸ್ತಕದ ಲೆಕ್ಕದಲ್ಲಿ ತಡವರಿಸಿದರು. ಅದರ ಇನ್ನೊಂದು ಮುಖವನ್ನೂ ಅವರು ತೋರಿಸಿದರು: ಪುಸ್ತಕದ ಲೆಕ್ಕ ಮಾಡಬಲ್ಲ, ದುಡಿಮೆಗೆ ಹೋಗದ ಶಾಲಾಮಕ್ಕಳು ಅಂಗಡಿಯ ಲೆಕ್ಕದಲ್ಲಿ ತಡವರಿಸಿದರು. ಇವರಲ್ಲಿ ಮಂದರು ಯಾರು? ಪ್ರಶ್ನೆ ಯಾರದೋ ಅವರನ್ನು ಕೇಳಬೇಕು.

ಪಿಯಾಜೆಯ ನಾಲ್ಕು ಮೆಟ್ಟಿಲುಗಳನ್ನು ಅವರು ಕೊರೆದ ಅಳತೆಯಲ್ಲೇ ಇಂದು ಒಪ್ಪುವವರು ವಿರಳ. ಒಂದೇ ಮಗು ಒಂದು ವಿಷಯದಲ್ಲಿ ಮೇಲಿನ ಮೆಟ್ಟಿಲಲ್ಲೂ ಇನ್ನೊಂದರಲ್ಲಿ ಕೆಳಗೂ ಇರುವುದು ಸಾಮಾನ್ಯ. ಆದರೆ ತಪ್ಪು ಉತ್ತರವನ್ನು ಕೇಳಿ ಗೀಟು ಎಳೆಯದೆ, ‘ಅದು ಹೇಗೆ?’ ಎಂದು ಮುಂದಿನ ಪ್ರಶ್ನೆ ಹಾಕಿದ ಅವರ ರೂಢಿಯನ್ನು ಟೀಕಾಕಾರರೂ ಬಿಟ್ಟಿಲ್ಲ; ಅವರನ್ನು ಮೀರಿಸಲು ಅದನ್ನೇ ಬಳಸಿದ್ದಾರೆ.

ಇದನ್ನು ಮನೆಯಲ್ಲಿ ಮಾಡಿ ನೋಡಬೇಕೆನ್ನುವವರಿಗೆ ಖರ್ಚೇನೂ ಇಲ್ಲ. ಐದು ವರ್ಷದ ಮಗುವೊಂದು ಮನೆಯಲ್ಲಿದ್ದರೆ ಹನ್ನೆರಡು ಹುಣಿಸೆ ಬೀಜ ಸಾಕು. ಆರಾರರ ಎರಡು ಸಾಲು ಮಾಡಿ, ಒಂದರ ಎದುರಿಗೆ ಒಂದಿರಲಿ. ಒಂದು ದಿನ ನೀವೇ ಒಂದು ಸಾಲನ್ನು ಹರಡಿ ಕೇಳಿ. ನಾಲ್ಕು ದಿನ ಬಿಟ್ಟು, ತುಂಟ ತಮ್ಮನೋ ಬೆಕ್ಕಿನ ಮರಿಯೋ ಸಾಲನ್ನು ಕೆಡಿಸಿದಾಗ ಕೇಳಿ. ಇನ್ನೊಂದು ದಿನ ಬೀಜಗಳನ್ನು ಮಗುವಿನ ಕೈಗೇ ಕೊಟ್ಟು ಹರಡಲು ಹೇಳಿ, ಆಮೇಲೆ ಒಂದೇ ಸಾರಿ ಕೇಳಿ. ಉತ್ತರ ಯಾವುದೇ ಬರಲಿ, ಸರಿ ತಪ್ಪು ಎನ್ನದೆ ಕಾರಣ ವಿಚಾರಿಸಿ, ಮಗು ಹೇಳಿದ ಮಾತನ್ನು ತಾರೀಖು ಹಾಕಿ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಮತ್ತೆ ಆರು ತಿಂಗಳಿಗೊಮ್ಮೆ ಕೇಳುತ್ತ ಬನ್ನಿ. ಏಳು ದಾಟಿದ ಮೇಲೆ ಒಂದು ದಿನ ಮಗು ಬೀಜಗಳನ್ನು ಬಿಟ್ಟು ನಿಮ್ಮ ಮುಖವನ್ನೇ ನೋಡೀತು — ಇಷ್ಟು ದೊಡ್ಡವರಾಗಿ ಇದನ್ನೂ ಕೇಳುತ್ತಾರಲ್ಲ ಎಂದು.